ಫಿಯಾಟಿನ ಹಸಿ ಮಸಿ

ಹೋದ ಬ್ಯಾಸಗ್ಯಾಗ ನಮ್ಮ ಹಿತ್ತಲಕ್ಕ ಸಂಡಿಗಿ ಹಾಕಾಕ ಬಂದಿದ್ದ ಅಕ್ಕಾರಿಗೆ, ವೈನಿಯರಿಗೆ ಆ ದಿನಾ ನೆನಪಿರಬೇಕು. ಮುಂಜಾನಿ ಆರಕ್ಕ ಬಿಳೇ ಧೋತರ ಹಾಸಿ ಸಾಲಾಗಿ ಸಂಡಿಗಿ ಇಟ್ಟು ಚಾ ಕುಡ್ಯಾಕ ಒಳಗ ಹೋದ್ವಿ. ಹೊಳ್ಳಿ ಬಂದ ನೋಡಿದ್ರ ಧೋತರದ ಒಂದ ಅಂಚಿನ ಗುಂಟ ಕರೀ ಚುಕ್ಕಿ. ಒಲಿಮ್ಯಾಗಿನ ಒಣಾ ಮಸಿ ಅಲ್ಲ, ಹಸಿ ಮಸಿ. ಬಟ್ಟ ಹಚ್ಚಿದ್ರ ಕಾಡಿಗಿ ಎಳದಂಗ ಉದ್ದಕ್ಕ ಎಳೀತಿತ್ತು. ನಮ್ಮ ನೆಗೆಣ್ಣಿ "ಕಾಗಿ ಏನರೆ ಮಾಡೇತೇನ" ಅಂದ್ಲು. ಕಾಗಿ ಅಲ್ಲ. ಬಾಜೂಕ ಶೆಡ್ಡಿನ್ಯಾಗ ಹಿಂಬದಿ ಈ ಕಡೆ ಮಾಡಿ ನಿಂತಿದ್ದ ನಮ್ಮ ಮಾವಾರ ಫಿಯಾಟು. ಶೆಡ್ಡಿನ ಸುಣ್ಣದ ಗ್ವಾಡಿ ನೋಡಿದ್ರ ಅದರ ಮ್ಯಾಲೂ ಮೊಣಕಾಲ ಎತ್ತರಕ್ಕ ಅದ ಚುಕ್ಕಿ. ದೀಪಾವಳಿಗೆ ಬಳದ ಸುಣ್ಣ ಅದು.

ಆ ದಿನಾ ನೀವೆಲ್ಲಾ ನಕ್ಕ ಬಿಟ್ಟ್ರಿ. ಆದ್ರ ಆ ಚುಕ್ಕಿಯಿಂದ ನಮ್ಮ ಮನ್ಯಾಗ ಎರಡ ತಿಂಗಳ ಏನೇನ ನಡೀತು ಅಂತ ಯಾರಿಗೂ ಪೂರಾ ಹೇಳಿಲ್ಲ. ಅದನ್ನ ಹೇಳಬೇಕಂದ್ರ ಸ್ವಲ್ಪ ಹಿಂದಿನ ಕಾಲಕ್ಕೂ ಹೋಗಬೇಕು, ಸ್ವಲ್ಪ ಒಲಿ ಮುಂದೂ ಕುಂದರಬೇಕು.

ಮೊದಲ ಗಾಡಿ ಬಗ್ಗೆ. ಅದು 1969ರ ಫಿಯಾಟ್ 1100. ಮುಂಬೈದ ಕುರ್ಲಾದಾಗ ಪ್ರೀಮಿಯರ್ ಕಂಪನಿ ಮಾಡಿದ್ದು. ಆ ಕಂಪನಿ 1944ರಾಗ ಹಾಕಿದವರು ಸೊಲ್ಲಾಪುರದ ವಾಲಚಂದ ಹೀರಾಚಂದ. ಅದಕ್ಕಿಂತ ಮೊದಲ, 1940ರಾಗ, ಮೈಸೂರ ಸರಕಾರದ ಜೋಡಿ ಕೂಡಿ ಬೆಂಗಳೂರಾಗ ವಿಮಾನದ ಕಾರಖಾನಿ ಸುರು ಮಾಡಿದವರೂ ಅವರ. ಇದ ಗಾಡಿಗೆ ಮುಂದ 1974ರ ಸುಮಾರಿಗೆ ಪದ್ಮಿನಿ ಅಂತ ಹೆಸರ ಬಂತು, ಚಿತ್ತೂರಿನ ರಾಣಿ ಪದ್ಮಿನಿ ಹೆಸರು. ಆಗೆಲ್ಲಾ ಹೊಸಾ ಗಾಡಿಗೆ ನಂಬರ ಹಚ್ಚಿ ವರ್ಷಾನುಗಟ್ಟಲೆ ಕಾಯಬೇಕಿತ್ತು. ಅಷ್ಟ ತಾಳ್ಮಿನೂ ಅಷ್ಟ ರೊಕ್ಕನೂ ನಮ್ಮ ಮಾವಾರ ಹತ್ರ ಇರಲಿಲ್ಲ. 1978ರಾಗ ನಿಪ್ಪಾಣಿಯ ಒಬ್ಬ ತಂಬಾಕ ವ್ಯಾಪಾರದವರ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಗೊಂಡ್ರು. ತವಂದಿ ಘಾಟ ಇಳಿಸ್ಕೊಂಡ ಸಂಕೇಶ್ವರಕ್ಕ ಬಂದು, ಮೊದಲ ಶಂಕರಲಿಂಗನ ಗುಡಿ ಮುಂದ ನಿಲ್ಲಿಸಿ ಕಾಯಿ ಒಡಿಸಿ ಮನಿಗೆ ತಂದ್ರಂತ. ನಮ್ಮ ಮನಿಯವರು ಹುಟ್ಟಿದಾಗ ಅತ್ತಿಯವರನ್ನ ದವಾಖಾನಿಯಿಂದ ಕರಕೊಂಡ ಬಂದದ್ದು ಇದ ಗಾಡ್ಯಾಗ. ನಾ ಮದಿವ್ಯಾಗಿ ಬಂದದ್ದೂ ಇದರಾಗ, ಬಾಗಿಲಾ ಸರಿಯಾಗಿ ಹತ್ತದ ನನ್ನ ಸೀರಿ ಸೆರಗ ಹೊರಗ ಹಾರತಿತ್ತು.

ಎರಡ ವರ್ಷದ ಹಿಂದ ಮಾವಾರ ಕಣ್ಣ ಮಂಜಾದವು. ಗಾಡಿ ಹೊಡಿಯೂದ ಬಿಟ್ರು. ಆದ್ರ ದಿನಾ ಮುಂಜಾನಿ ಜಳಕ ಮಾಡಿ, ಇಬತ್ತಿ ಹಚ್ಚಿಕೊಂಡು, ಶೆಡ್ಡಿಗೆ ಹೋಗಿ, ಅರಬಿ ತಗೊಂಡ ಗಾಡಿ ವರಿಸಿ, ಚೋಕ್ ಎಳದು ಚಾಲೂ ಮಾಡಿ ಹತ್ತ ನಿಮಿಷ ಕುಂದರತಿದ್ರು. ಆಮ್ಯಾಲ ಬಂದ್ ಮಾಡಿ ಬಂದು ನಾಷ್ಟಾ ಮಾಡ್ತಿದ್ರು. "ಗಾಡಿ ಕುಂತಲ್ಲೆ ಕುಂತ್ರ ಸಾಯ್ತೈತಿ" ಅಂತಿದ್ರು. ನಾವು ಯಾರೂ ಅದಕ್ಕ ಏನೂ ಅಂದಿರಲಿಲ್ಲ.

ಸಂಡಿಗಿ ಕೆಟ್ಟ ಮ್ಯಾಲ ನಮ್ಮ ಮನಿಯವರು ಒಂದ ಗ್ಯಾರೇಜಿನಾವನ್ನ ಕರಕೊಂಡ ಬಂದ್ರು. ಅಂವಾ ಸೈಲೆನ್ಸರಿನ ಬಾಯಿಗೆ ಬಟ್ಟ ಹಾಕಿ ತೆಗದಾ, ಕರ್ರಗ ಹಸಿ ಇತ್ತು. ಅಷ್ಟ ನೋಡಿ, "ಇಂಜಿನ್ ಮುಗದೈತ್ರಿ. ಎಣ್ಣಿ ಹೊಡ್ಯಾಕತ್ತೈತಿ. ಇಳಿಸಿ ಕೊಲ್ಲಾಪುರಕ್ಕ ಕಳಿಸಿ ಬೋರ್ ಹೊಡಸಬೇಕು, ಪಿಸ್ಟನ್ ರಿಂಗ್ ಹಾಕಸಬೇಕು" ಅಂದಾ. ಹೊಗಿ ತಪಾಸಣಿಗೆ ಒಯ್ದ್ರ ಅಲ್ಲೂ ಪಾಸ್ ಆಗಲಿಲ್ಲ. ಇಂಥಾ ಹಳೇ ಪೆಟ್ರೋಲ್ ಗಾಡಿಗೆ ಹೊಗ್ಯಾಗ ಕಾರ್ಬನ್ ಮೊನಾಕ್ಸೈಡ್ 100ಕ್ಕ 3ರ ಒಳಗ ಇರಬೇಕು ಅಂತ ನಿಯಮ. ನಮ್ಮದು ಅದರ ಎರಡ ಪಟ್ಟಿಗೂ ಮ್ಯಾಲ ತೋರಿಸ್ತು. ಬೋರಿನ ಖರ್ಚು ಕೇಳಿದ ಮ್ಯಾಲ ನಮ್ಮ ಮನಿಯವರು ಎರಡ ರಾತ್ರಿ ಸುಮ್ಮನಿದ್ದು ಮೂರನೇ ದಿನಾ "ಗುಜರಿಗೆ ಹಾಕಿಬಿಡೂಣು" ಅಂದ್ರು. ಮಾವಾರು ಅಲ್ಲೇ ಕುಂತಿದ್ರು. ಏನೂ ಅನ್ನಲಿಲ್ಲ. ರೊಟ್ಟಿ ಅರ್ಧಕ್ಕ ಬಿಟ್ಟ ಎದ್ದ ಹೋದ್ರು.

ನನಗ ಗಾಡಿ ರಿಪೇರಿ ಬರೂದಿಲ್ಲ. ಆದ್ರ ಹೊಗಿ ಅಂದ್ರ ಏನಂತ ನನಗೂ ಗೊತ್ತೈತಿ, ನಿಮಗೂ ಗೊತ್ತೈತಿ. ಹಸಿ ಕಟಗಿ ಇಟ್ರ ಎಂಥಾ ಹೊಗಿ ಬರ್ತೈತಿ, ಬೆರಣಿ ಒತ್ತಿ ತುಂಬಿದ್ರ ಎಂಥಾ ಹೊಗಿ, ಸ್ಟೋವಿನ ನಿಪ್ಪಲ್ ಕೆಟ್ರ ಎಂಥಾದು, ಗ್ಯಾಸಿನ ಬರ್ನರ್ ತೂತ ಕಟ್ಟಿದ್ರ ಬೋಗಾಣಿ ತಳಾ ಹೆಂಗ ಕರ್ರಗ ಆಗ್ತೈತಿ, ಇದನ್ನ ನಮಗ ಯಾರೂ ಕಲಿಸಿಲ್ಲ. ಗ್ಯಾರೇಜಿನಾವ "ಎಣ್ಣಿ" ಅಂದದ್ದು ನನಗ ಯಾಕೋ ಮನಸಿಗೆ ಒಪ್ಪಲಿಲ್ಲ. ಎಣ್ಣಿ ಮಸಿ ನಾವು ನೋಡೇವಿ. ದೀಪದ ಗೂಡಿನಾಗ ಕಟ್ಟೂ ಮಸಿ ಅದು, ಜಿಗಿಜಿಗಿ ಅಂತೈತಿ, ಸಾಬಾಣ ಹಚ್ಚಿ ತಿಕ್ಕಿದ್ರೂ ಹೋಗಂಗಿಲ್ಲ. ಧೋತರದ ಮ್ಯಾಲಿನ ಚುಕ್ಕಿ ಬರೇ ನೀರಾಗ ಅರ್ಧಾ ಹೋಗಿತ್ತು.

ಅವತ್ತ ಸಂಜಿಕೆ ಒಂದ ಹಳೇ ಪೇಪರ ತಗೊಂಡ ಹೋಗಿ ಸೈಲೆನ್ಸರಿನ ಬಾಯಿ ಕೆಳಗ ಇಟ್ಟೆ. ಮರದಿನಾ ಮಾವಾರು ಗಾಡಿ ಚಾಲೂ ಮಾಡಿ ಬಂದ ಮ್ಯಾಲ ಆ ಪೇಪರ ಬಿಸಲಾಗ ಒಣಗಿಸಿದೆ. ಬಜಿ ಕಟ್ಟಿಸ್ಕೊಂಡ ಬಂದ ಪೇಪರ ಬೆಳಕಿಗೆ ಹಿಡದ್ರ ಎಣ್ಣಿ ಬಿದ್ದಲ್ಲೆ ಆರಪಾರ ಕಾಣ್ತೈತಲ್ಲಾ, ಹಂಗ ಎಲ್ಲೂ ಇರಲಿಲ್ಲ. ನೀರ ಆರಿ, ಬರೇ ಕರೀ ಪುಡಿ ಉಳದಿತ್ತು. ಊದಿದ್ರ ಹಾರತಿತ್ತು.

ಹಂಗಾರ ಆ ನೀರ ಎಲ್ಲಿಂದ ಬಂತು? ಇದನ್ನ ಒಲಿ ಮುಂದ ನಿಂತ ಹೇಳತೀನಿ. ಥಂಡೀರ ತುಂಬಿದ ಸ್ಟೀಲ ಪಾತೇಲಿ ಗ್ಯಾಸಿನ ಮ್ಯಾಲ ಇಟ್ಟ ಕೂಡ್ಲೆ ತಳದಾಗ ಮಂಜ ಕಟ್ಟಿ ಒಂದೆರಡ ಹನಿ ಬರ್ನರ್ ಮ್ಯಾಲ ಬಿದ್ದು ಚುಂಯ್ ಅಂತೈತಿ. ಪಾತೇಲಿ ಸೋರ್ತೈತಿ ಅಂತ ನಾ ಹೊಸದಾಗಿ ಬಂದಾಗ ಎರಡ ಸಲಾ ಬದಲ ಮಾಡಿದ್ದೆ. ಅದು ಸೋರೂದಲ್ಲ. ಗ್ಯಾಸು, ಸೀಮಿಎಣ್ಣಿ, ಪೆಟ್ರೋಲು ಎಲ್ಲಾದರಾಗೂ ಹೈಡ್ರೋಜನ್ ಇರ್ತೈತಿ. ಅದು ಉರದ್ರ ನೀರಾಗ್ತೈತಿ. ಒಂದ ಲೀಟರ್ ಪೆಟ್ರೋಲ್ ಉರದ್ರ ಹತ್ರಾಹತ್ರ ಒಂದ ಲೀಟರ್ ನೀರು ಹುಟ್ಟತೈತಿ. ನಂಬಾಕ ಆಗೂದಿಲ್ಲ, ಆದ್ರ ಖರೇ. ಸೈಲೆನ್ಸರ್ ಕಾದಿದ್ರ ಆ ನೀರು ಉಗಿಯಾಗಿ ಹಾರಿ ಹೋಗ್ತೈತಿ, ನಮಗ ಕಾಣಂಗೇ ಇಲ್ಲ. ತಣ್ಣಗಿದ್ರ ಪಾತೇಲಿ ತಳದಾಗ ಕಟ್ಟಿದಂಗ ಒಳಗ ಹನಿ ಕಟ್ಟತೈತಿ. ಹಂಗಂದ್ರ ಹಸಿ ಆಗೂದು ರೋಗ ಅಲ್ಲ. ಆ ಹನಿಗೆ ಕೂಡ್ಕೊಂಡ ಬಂದ ಮಸಿದ ಪ್ರಶ್ನೆ ಬ್ಯಾರೆ.

ಮಸಿ ಅಂದ್ರ ಅರ್ಧಂಬರ್ಧ ಉರದ ಪೆಟ್ರೋಲು. ಗಾಳಿ ಸಾಲದಾಗ ಬರೂದು. ಒಂದ ಲೀಟರ್ ಪೆಟ್ರೋಲ್ ಪೂರಾ ಉರಿಯಾಕ ಸುಮಾರ 9,000 ಲೀಟರ್ ಗಾಳಿ ಬೇಕು. ಅಷ್ಟ ಗಾಳಿನ್ನ ಅಷ್ಟ ಪೆಟ್ರೋಲಿಗೆ ಅಳದ ಕೂಡಸೂ ಕೆಲಸ ಹಳೇ ಗಾಡ್ಯಾಗ ಕಾರ್ಬೋರೇಟರ್ ಅನ್ನೂ ಒಂದ ಸಣ್ಣ ಡಬ್ಬಿದು. ಆ ಡಬ್ಬಿ ಹುಟ್ಟಿದ ಕಥಿ ಹುಡಕಾಕ ಕುಂತ್ರ, ಅದರಾಗ ಹೆಣಮಕ್ಕಳೇ ಸಿಗಬೇಕಾ!

ಜರ್ಮನಿಯೊಳಗ ಕಾರ್ಲ್ ಬೆಂಜ್ 1886ರಲ್ಲಿ ಮೊದಲನೇ ಮೋಟಾರ ಗಾಡಿಯ ಪೇಟೆಂಟ್ ಪಡೆದ. ಅವನ ಕಾರಖಾನೆಗೆ ಮೊದಮೊದಲು ದುಡ್ಡಾಗಿ ನಿಂತದ್ದು ಹೆಂಡತಿ ಬರ್ಥಾಳ ಬಳುವಳಿ ಹಣ. ಗಾಡಿ ತಯಾರಾದರೂ ಅದನ್ನ ದೂರ ಒಯ್ಯೂ ಧೈರ್ಯ ಅವಗಿರಲಿಲ್ಲ, ಮಂದಿ ಕೊಳ್ಳಲೂ ಇಲ್ಲ. 1888ರ ಆಗಸ್ಟದಾಗ ಒಂದ ಮುಂಜಾನಿ ಬರ್ಥಾ ಗಂಡಗ ಹೇಳದ, ಇಬ್ಬರ ಗಂಡಮಕ್ಕಳನ್ನ ಕರಕೊಂಡು, ಮಾನ್‌ಹೈಮ್ ಊರಿಂದ ನೂರ ಕಿಲೋಮೀಟರಿಗೂ ಮ್ಯಾಲ ದೂರದ ಫೋರ್ಟ್ಸ್‌ಹೈಮ್‌ಗೆ ಗಾಡಿ ಹೊಡಕೊಂಡ ಹೊಂಟಬಿಟ್ಟಳು. ಎಲ್ಲಿಗೆ ಅಂತೀರಿ? ತೌರಮನಿಗೆ! ದಾರ್ಯಾಗ ಎಣ್ಣಿ ಮುಗೀತು, ವೀಸ್ಲೋಹ್ ಊರಾಗ ಔಷಧ ಅಂಗಡ್ಯಾಗ ಕೊಂಡಳು. ತಂತಿ ಸವದಿತ್ತು, ಕಾಲಚೀಲದ ಪಟ್ಟಿ ಬಿಚ್ಚಿ ಸುತ್ತಿದಳು. ಬ್ರೇಕು ಸವದಿತ್ತು, ಚಮಗಾರನ ಕಡೆ ತೊಗಲ ಹೊಡಸಿದಳು. ಎಣ್ಣಿ ಬರೂ ನಳಿಗೆ ಕಸಾ ಕಟ್ಟಿದಾಗ ಟೊಪಗಿಗೆ ಚುಚ್ಚೂ ಪಿನ್ನಿನಿಂದ ತೂತ ತೆರದಳು.

ಈ ಪಿನ್ನಿನ ಮಾತ ಓದಿದಾಗ ನನಗ ನಮ್ಮವ್ವನ ಪಂಪ್ ಸ್ಟೋವು ನೆನಪಾತು. ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಅನ್ನಾವ 1892ರಾಗ ಮಾಡಿದ ಪ್ರೈಮಸ್ ಸ್ಟೋವಿನ ಮಮ್ಮಗ ಅದು. ಪಿನ್ ಹಾಕೂದರಾಗ ನಮ್ಮವ್ವ ಭಾಳ ಶ್ಯಾಣ್ಯಾಕಿ. ನಾ ಹಾಕಾಕ ಹೋದ್ರ ಕೈ ಹಿಡೀತಿದ್ಲು, "ಜೋರ ಚುಚ್ಚಬ್ಯಾಡ, ತೂತ ದೊಡ್ಡದಾದ್ರ ಹಳದೀ ಜ್ವಾಳಾ ಬಂದು ಭಾಂಡಿ ಎಲ್ಲಾ ಮಸಿ ಹಿಡೀತಾವು." ಈ ಮಾತನ್ನ ಮುಂದ ಮಿಸ್ತ್ರಿ ಬಾಯಾಗ ಅಕ್ಷರಕ್ಕ ಅಕ್ಷರ ಕೇಳಿದೆ, ಅದಕ್ಕ ಈಗ ಹೇಳಿ ಇಡ್ತೀನಿ.

ಬರ್ಥಾಳ ಗಾಡ್ಯಾಗ ಪೆಟ್ರೋಲಿನ ಮ್ಯಾಲ ಹಾದುಹೋಗೂ ಗಾಳಿ ಆವಿ ಹೊತಗೊಂಡ ಹೋಗತಿತ್ತು, ಅಷ್ಟ. ಅಳತಿ ಗಿಳತಿ ಏನಿಲ್ಲ. 1893ರ ಸುಮಾರಿಗೆ ಜರ್ಮನಿಯ ಮೇಬಾಕ್, ಹಂಗೇರಿಯ ಬಾಂಕಿ ಮತ್ತು ಚೊಂಕಾ, ಸಣ್ಣ ತೂತಿನಿಂದ ಪೆಟ್ರೋಲನ್ನು ಗಾಳಿಯೊಳಗ ತುಂತುರು ಮಾಡಿ ಹಾರಿಸುವ ಉಪಾಯ ಕಂಡುಹಿಡಿದರು. ಹಂಗೇರಿಯವರಿಗೆ ಅದು ಹೊಳದದ್ದು ಬೀದಿ ಬದಿಗೆ ಹೂವ ಮಾರೂ ಹುಡಿಗಿ ಹೂವಿನ ಮ್ಯಾಲ ನೀರ ಊದೂದನ್ನ ನೋಡಿ ಅಂತ ಒಂದ ಕಥಿ ಹೇಳ್ತಾರ. ಖರೇನೋ ಸುಳ್ಳೋ, ಪ್ಯಾಟ್ಯಾಗ ಹೂವ ಮಾರಾವರು ನೀರ ಸಿಂಪಡಸೂದನ್ನ ನೋಡಿದ್ರ ನನಗಂತೂ ಖರೇ ಅನಸ್ತೈತಿ. ಇಂಗ್ಲೆಂಡಿನೊಳಗ ಸ್ಕಿನ್ನರ್ ಅನ್ನಾವ ಕಾಲ್ಮರಿ ಮಾರೂ ಮನಿತನದಾವ, 1905ರ ಸುಮಾರಿಗೆ ತನ್ನ ಕಾರ್ಬೋರೇಟರಿನೊಳಗ ಗಾಳಿ ಅಳಿಯಾಕ ತೊಗಲಿನ ತಿದಿ ಇಟ್ಟಾ, ಥೇಟ್ ಕಂಬಾರನ ತಿದಿ ಇದ್ದಂಗ, ಸಣ್ಣದು. ಅದು ಬೆಳದು ಎಸ್.ಯು. ಕಾರ್ಬೋರೇಟರ್ ಆತು. ಹಳೇ ಅಂಬಾಸಡರ ಗಾಡಿಗೋಳಿಗೆ ಅದ ಇರತಿತ್ತು.

ಇನ್ನ ಚೋಕು. ಥಂಡ್ಯಾಗ ಪೆಟ್ರೋಲ್ ಸರಿಯಾಗಿ ಆವಿ ಆಗೂದಿಲ್ಲ, ಚಳಿಗಾಲದಾಗ ತುಪ್ಪ ಗಟ್ಟಿಯಾಗಿ ಚಮಚಾದಿಂದ ಬೀಳದಂಗ. ಅದಕ್ಕ ಇಂಜಿನ್ ತಣ್ಣಗಿದ್ದಾಗ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮಿ ಕೊಡಬೇಕು. ಚೋಕ್ ಅಂದ್ರ ಕುತ್ತಿಗಿ ಒತ್ತೂದು ಅಂತ ಅರ್ಥ. ಇಂಜಿನ್ ಕಾದ ಕೂಡ್ಲೆ ಗುಂಡಿ ಒಳಗ ದೂಡಬೇಕು. ಒಲಿ ಹೊತ್ತಾಕ ಒಂದ ಚಿಟಕಿ ಸೀಮಿಎಣ್ಣಿ ಹಾಕ್ತೀವಿ, ಹೊತ್ತಿದ ಮ್ಯಾಲೂ ಹಾಕ್ತೀವೇನ?

ಗಾಳಿ ಕಡಿಮಿ ಕೊಟ್ಟು ಉರಸೂದರಿಂದ ಬರೂದು ಬರೇ ಮಸಿ ಅಲ್ಲ. ಇಲ್ಲೆ ನಮ್ಮ ಊರ ರಸ್ತಾದ ಒಂದ ಹಳೇ ಮಾತ ಬರ್ತೈತಿ. ಎರಡನೇ ಮಹಾಯುದ್ಧದಾಗ ಪೆಟ್ರೋಲಿಗೆ ರೇಶನ್ ಬಂತು. ಆಗ ನಮ್ಮ ದೇಶದ ತುಂಬ ಬಸ್ಸುಗಳು ಇದ್ದಲಿನ ಗ್ಯಾಸಿನ ಮೇಲೆ ಓಡತಿದ್ದವು. ಬಸ್ಸಿನ ಹಿಂದ ಇಲ್ಲಾ ಬಾಜೂಕ ದೊಡ್ಡ ಡ್ರಮ್ಮಿನಂಥ ಒಲಿ, ಅದರಾಗ ಇದ್ದಲಿ. ಗಾಳಿ ಬೇಕಂತ ಕಡಿಮಿ ಕೊಟ್ಟು ಇದ್ದಲಿ ಸುಟ್ರ ಕಾರ್ಬನ್ ಮೊನಾಕ್ಸೈಡ್ ಅನ್ನೂ ಗಾಳಿ ಹುಟ್ಟತೈತಿ. ಅದು ಹೊತ್ತತೈತಿ. ಆ ಗಾಳಿನ ಇಂಜಿನ್ನಿಗೆ ಕೊಟ್ಟು ಗಾಡಿ ಓಡಸತಿದ್ರು. ಪುಣೆ ಬೆಂಗಳೂರ ರಸ್ತಾದಾಗ ತವಂದಿ ಘಾಟ ಏರೂ ಮುಂದ ಇಂಥಾ ಬಸ್ಸ ದಮ್ಮ ಹಿಡೀತಿತ್ತಂತ, ಗಂಡಸರೆಲ್ಲಾ ಇಳದ ನಡಕೊಂತ ಹೋಗಿ ಮ್ಯಾಲ ಹತ್ತತಿದ್ರಂತ. ನಮ್ಮ ಮಾವಾರ ಅವ್ವ ಒಮ್ಮೆ ಇಂಥಾ ಬಸ್ಸಿನ್ಯಾಗ ಹೋಗಿ ಬಂದು, "ಆ ಬಸ್ಸಿಗೆ ನಮ್ಮ ಒಲಿನ ಹೊರಸಿದ್ರ ನಾನೂ ಕಂಡಕ್ಟರ ಆಗತಿದ್ದೆ" ಅಂದಿದ್ರಂತ.

ಗಾಡಿಗೆ ಅನ್ನ ಆದ ಅದ ಗಾಳಿ ಮನಶ್ಯಾಗ ಇಷ. ಅದಕ್ಕ ಬಣ್ಣಿಲ್ಲ, ವಾಸನಿ ಇಲ್ಲ. ನಮ್ಮ ರಕ್ತಕ್ಕ ಉಸುರಿನ ಗಾಳಿಗಿಂತ 200 ಪಟ್ಟಿಗೂ ಜೋರ ಅಂಟತೈತಿ. ಬಚ್ಚಲದಾಗ ಗ್ಯಾಸ್ ಗೀಜರ ಹಚ್ಚಿ ಕಿಡಕಿ ಮುಚ್ಚಿ ಜಳಕ ಮಾಡಾಕ ಹೋಗಿ ಸತ್ತವರ ಸುದ್ದಿ ಪೇಪರಿನ್ಯಾಗ ಓದ್ತೀರಲ್ಲಾ, ಅದು ಇದ. ಮಿಸ್ತ್ರಿ ಈ ಮಾತ ಹೇಳಿದ ದಿನಾ ನನಗ ಒಮ್ಮೆಲೆ ಕೈಕಾಲ ತಣ್ಣಗಾದವು. ನಮ್ಮ ಶೆಡ್ಡಿಗೂ ಅಡಗಿಮನಿಗೂ ನಡಬರಕ ಒಂದ ಜಾಳಗಿ ಕಿಡಕಿ ಐತಿ. ನಮ್ಮ ಅತ್ತಿಯವರು ಒಂದ ವರ್ಷದಿಂದ ದಿನಾ ಮುಂಜಾನಿ "ತಲಿ ಭಾರ ಆಗೇತಿ, ಹೊಟ್ಟಿ ತೊಳಸತೈತಿ" ಅಂತಿದ್ರು. ಹತ್ತ ಗಂಟೆಕ್ಕ ಆರಾಮ ಆಗತಿದ್ರು. ಪಿತ್ತ ಅಂತ ಜೀರಗಿ ಕಷಾಯ ಕೊಡತಿದ್ದೆ ನಾನು. ಅದ ಕಾರಣ ಅಂತ ಆಣಿ ಮಾಡಿ ಹೇಳಾಕ ಬರೂದಿಲ್ಲ. ಶೆಡ್ಡಿನ್ಯಾಗ ಗಾಡಿ ಚಾಲೂ ಮಾಡೂದ ನಿಂತ ಮ್ಯಾಲ ಆ ತಲಿಭಾರ ಬಂದಿಲ್ಲ, ಇಷ್ಟ ಹೇಳತೀನಿ. ಯಾರ ಮನ್ಯಾಗ ಗಾಡಿ ಇರಲಿ, ಜನರೇಟರ್ ಇರಲಿ, ಮುಚ್ಚಿದ ಜಾಗಾದಾಗ ಒಂದ ನಿಮಿಷನೂ ಚಾಲೂ ಇಡಬ್ಯಾಡ್ರಿ. ಬಾಗಲಾ ಒಂದ ತೆರದಿದ್ರೂ ಸಾಲೂದಿಲ್ಲ.

ಮಿಸ್ತ್ರಿ ಅಂದೆನಲ್ಲಾ, ಅವರು ಗಡಹಿಂಗ್ಲಜ ರಸ್ತಾದ ಕಡೆಯವರು, ಎಪ್ಪತ್ತ ದಾಟೇತಿ, ಈಗ ಗ್ಯಾರೇಜು ಮಗಗ ಬಿಟ್ಟಾರ. ನನ್ನ ಪೇಪರ ತೋರಿಸಿದೆ. ನಕ್ಕು, "ಅಕ್ಕಾರ, ಅರ್ಧಾ ಕೆಲಸಾ ನೀವ ಮಾಡೀರಿ" ಅಂದ್ರು. ಆಮ್ಯಾಲ ನಾಲ್ಕೂ ಪ್ಲಗ್ ಬಿಚ್ಚಿ ಯಾವ ಪ್ಲಗ್ ಎಲ್ಲಿದು ಅಂತ ತಪ್ಪದಂಗ ಸಾಲಾಗಿ ಇಟ್ರು. ನಾಲ್ಕೂ ಒಂದ ನಮೂನಿ, ಕಾಡಿಗಿ ಡಬ್ಬಿ ಇದ್ದಂಗ ಮೆತ್ತಗ ಕರ್ರಗ, ಒಣಾ. ಇದು ಭಾಳ ಮುಖ್ಯ ಅಂದ್ರು. ಒಂದ ಪ್ಲಗ್ ಕರ್ರಗಾಗಿ ಮೂರು ಛಲೋ ಇದ್ರ ಆ ಒಂದ ಸಿಲಿಂಡರಿಂದ ತೊಂದ್ರಿ. ನಾಲ್ಕೂ ಕರ್ರಗಾಗ್ಯಾವ ಅಂದ್ರ ನಾಲ್ಕಕ್ಕೂ ಕೂಡಿ ಊಟಾ ಬಡಸೂ ಕೈ ತಪ್ಪೇತಿ, ಅಂದ್ರ ಕಾರ್ಬೋರೇಟರು, ಚೋಕು, ಗಾಳಿ ಜಾಳಗಿ. ಎಣ್ಣಿ ಹೊಡ್ಯಾಕತ್ತಿದ್ರ ಪ್ಲಗ್ ಮಿಂಚತಿತ್ತು, ಜಿಗಿಜಿಗಿ ಇರತಿತ್ತು, ಹೊಗಿನೂ ನೀಲಿ ಬರತಿತ್ತು. ಹಸಿ ಇದ್ದು ಪೆಟ್ರೋಲ್ ವಾಸನಿ ಹೊಡದಿದ್ರ ಅದಕ್ಕ ಕಿಡಿನ ಬಂದಿಲ್ಲ ಅಂತ ಅರ್ಥ. ಎಲ್ಲಾ ಸರಿ ಇದ್ರ ಪ್ಲಗ್ಗಿನ ತುದಿ ಮಾರಿ ಬಿಸ್ಕೀಟಿನ ಬಣ್ಣಾ.

ಇಂಜಿನ್ನಿನ ಎಣ್ಣಿ ಕಡ್ಡಿ ತೆಗದು ಮೂಸಿ ನೋಡಿದ್ರು, ನನಗೂ ಮೂಸಾಕ ಕೊಟ್ರು. ಸಣ್ಣಗ ಪೆಟ್ರೋಲ್ ವಾಸನಿ. "ಉರೀದ ಪೆಟ್ರೋಲು ಕೆಳಗ ಇಳದು ಎಣ್ಣಿಗೆ ಕೂಡ್ಯಾಕತ್ತೈತಿ. ಹಿಂಗ ಇನ್ನೊಂದೆರಡ ವರ್ಷ ಬಿಟ್ರ ಎಣ್ಣಿ ತೆಳ್ಳಗಾಗಿ ಖರೇನ ಬೋರ್ ಹೊಡಸೂ ಹಂಗ ಆಗತಿತ್ತು" ಅಂದ್ರು. ಎಣ್ಣಿ ಹಾಲ ಹಾಕಿದ ಚಾದಂಗ ಕಂಡಿದ್ರ ನೀರ ಕೂಡೇತಿ, ಹೆಡ್ ಗ್ಯಾಸ್ಕೆಟ್ ಹೋಗೇತಿ. ಹಂಗಿದ್ರ ಗಾಡಿ ಚಲೋತ್ನಾಗಿ ಕಾದ ಮ್ಯಾಲೂ ಬೆಳ್ಳಾನ ಉಗಿ ನಿಲ್ಲೂದಿಲ್ಲ, ರೇಡಿಯೇಟರಿನ ನೀರೂ ಕಡಿಮಿ ಆಗ್ತೈತಿ. ನಮ್ಮದರಾಗ ಎರಡೂ ಇರಲಿಲ್ಲ. ಕಂಪ್ರೆಶನ್ ಗೇಜ್ ಹಚ್ಚಿ ನೋಡಿದ್ರು, ನಾಲ್ಕೂ ಸಿಲಿಂಡರ್ ಸರಿಸುಮಾರ ಒಂದ ಸಮ. ಇಂಜಿನ್ ಗಟ್ಟಿ ಇತ್ತು.

ಗಾಳಿ ಜಾಳಗಿ ತೆಗದ್ರ ಒಳಗ ಕಬ್ಬಿನ ರವದಿ, ಇಲಿ ಕಡದ ಅರಬಿ. ಇಲಿ ಗೂಡ ಮಾಡಿತ್ತು. ಅಲ್ಲಿಗೆ ಒಂದ ಕಾರಣ ಸಿಕ್ತು. ಕಾರ್ಬೋರೇಟರ್ ಬಿಚ್ಚಿ ಒಳಗಿನ ಫ್ಲೋಟ್ ತೆಗದು ಕಿವಿ ಹತ್ರ ಅಳ್ಳಾಡಿಸಿದ್ರು. ನಮ್ಮ ಪಾಯಖಾನಿ ಟಾಕಿಯೊಳಗ ನೀರ ತುಂಬಿದ ಕೂಡ್ಲೆ ಮ್ಯಾಲೆದ್ದು ನಳಾ ಬಂದ್ ಮಾಡೂ ಚೆಂಡ ಇರ್ತೈತಲ್ಲಾ, ಅದ ಕೆಲಸ ಇದರದು. ತೂತ ಬಿದ್ದು ಒಳಗ ಪೆಟ್ರೋಲ್ ಹೊಕ್ಕಿದ್ರ ಗುಳುಗುಳು ಅಂತಿತ್ತು. ಅನ್ನಲಿಲ್ಲ. ಜೆಟ್ಟಿಗೆ ಬಾಯಿಂದ ಊದಿದ್ರು, ತಂತಿ ಹಾಕಲಿಲ್ಲ. ನಾ ಕೇಳೂದಕ್ಕಿಂತ ಮೊದಲ ಅವರ ಅಂದ್ರು, "ತಂತಿ ಹಾಕಿದ್ರ ತೂತ ದೊಡ್ಡದಾಗಿ ಮಸಿ ಹಿಡೀತಾವು." ನನಗ ನಮ್ಮವ್ವ ಬಂದ ನಿಂತಂಗಾತು.

ಇಥೆನಾಲ್ ಕೂಡಿಸಿದ ಪೆಟ್ರೋಲಿಂದ ಹಿಂಗಾಗೇತಿ ಅಂತ ನಮ್ಮ ಮೈದುನ ಹಟಾ ಹಿಡದಿದ್ದಾ. ಈಗ ಪೆಟ್ರೋಲಿನ್ಯಾಗ 100ಕ್ಕ 20ರ ತನಕ ಅದ ಇರ್ತೈತಿ. ನಮ್ಮ ಜಿಲ್ಲಾದ ಸಕ್ಕರಿ ಕಾರಖಾನಿಗಳೂ ಅದನ್ನ ಮಾಡ್ತಾವ, ಅಂದ್ರ ನಮ್ಮ ಹೊಲದ ಕಬ್ಬ ತಿರಗಿ ನಮ್ಮ ಟಾಕಿಗೆ ಬಂದಂಗ. ಹಳೇ ಗಾಡಿಯ ರಬ್ಬರ್ ಪೈಪು, ವಾಶರಿಗೆ ಅದು ಒಗ್ಗೂದಿಲ್ಲ, ಗಾಳ್ಯಾಗಿನ ಪಸಿನೂ ಎಳಕೋತೈತಿ. ಅದೆಲ್ಲಾ ಖರೇ. ಆದ್ರ ಅದರಿಂದ ಹೊಗಿ ಕರ್ರಗಾಗೂದಿಲ್ಲ. ಇಥೆನಾಲಿಗೆ ಉರಿಯಾಕ ಗಾಳಿ ಕಡಿಮಿ ಸಾಕು, ಹಂಗಾಗಿ ಹಳೇ ಕಾರ್ಬೋರೇಟರಿನ್ಯಾಗ ಗಾಳಿನ ಹೆಚ್ಚಾಗ್ತೈತಿ. ಮೈದುನನ ಮಾತ ಅಲ್ಲಿಗೆ ಮುಗೀತು.

ಕಡೀಕ ಸಿಕ್ಕದ್ದು ಚೋಕಿನ ತಂತಿ. ಮಾವಾರು ಒಳಗ ಕುಂತು ಗುಂಡಿ ಪೂರಾ ದೂಡತಿದ್ರು, ಅದು ಒಳಗ ಹೋಗತಿತ್ತು. ಆದ್ರ ತಂತಿ ಅದರ ಕೊಳವಿಯೊಳಗ ತುಕ್ಕ ಹಿಡದು ಬಾಗಿ, ಈ ಕಡೆ ಕಾರ್ಬೋರೇಟರ್ ಹತ್ರ ಚೋಕ್ ಅರ್ಧಕ್ಕ ನಿಂತ ಬಿಡತಿತ್ತು. ಗಾಡಿ ಎಷ್ಟ ಕಾದ್ರೂ ಕುತ್ತಿಗಿ ಒತ್ತಿದ ಕೈ ತೆಗದಂಗ ಇರಲಿಲ್ಲ. ಇದು ಕುಂತಾವರಿಗೆ ಕಾಣೂದಲ್ಲ, ಬಾನೆಟ್ ಎತ್ತಿ ಒಬ್ಬರು ನೋಡಬೇಕು, ಒಬ್ಬರು ಗುಂಡಿ ಎಳದ ಬಿಡಬೇಕು. ಹೊಸಾ ತಂತಿ, ಹೊಸಾ ಜಾಳಗಿ, ನಾಲ್ಕ ಪ್ಲಗ್ಗು, ಎಣ್ಣಿ ಬದಲಿ. ಬೋರಿನ ಖರ್ಚಿನ ಹತ್ತನೇ ಪಾಲೂ ಆಗಲಿಲ್ಲ.

ಮಿಸ್ತ್ರಿ ಕೈ ತೊಳಕೊಂತ ನನ್ನ ಕಡೆ ನೋಡಿ ಸಣ್ಣ ದನಿಲೆ ಇನ್ನೊಂದ ಮಾತ ಹೇಳಿದ್ರು. ಇಷ್ಟೆಲ್ಲಾ ಸರಿ ಮಾಡಿದ್ರೂ ದಿನಾ ಹತ್ತ ನಿಮಿಷ ನಿಂತಲ್ಲೆ ಚಾಲೂ ಇಟ್ರ ಮತ್ತ ಹಿಂಗ ಆಗ್ತೈತಿ. ಹತ್ತ ನಿಮಿಷದಾಗ ಇಂಜಿನ್ ಸ್ವಲ್ಪ ಕಾಯ್ತೈತಿ, ಸೈಲೆನ್ಸರ್ ಕಾಯೂದಿಲ್ಲ. ದಿನಾ ಒಂದೊಂದ ಬಟ್ಟಲ ನೀರ ಒಳಗ ಉಳದು ತುಕ್ಕ ಹಿಡಸತೈತಿ. ಚೋಕಿನ ಪೆಟ್ರೋಲ್ ಸಿಲಿಂಡರಿನ ಗ್ವಾಡಿಗೆ ಹತ್ತಿದ ಎಣ್ಣಿ ತೊಳೀತೈತಿ. ಬ್ಯಾಟರಿನೂ ತುಂಬೂದಿಲ್ಲ. "ದಿನಾ ಹತ್ತ ನಿಮಿಷ ಬ್ಯಾಡ. ವಾರಕ್ಕೊಮ್ಮೆ ಇಪ್ಪತ್ತ ಮೂವತ್ತ ಕಿಲೋಮೀಟರ ಓಡಸ್ರಿ. ಅಜ್ಜಾರಿಗೆ ನೀವ ಹೇಳ್ರಿ, ನನ್ನ ಕೈಲೆ ಆಗೂದಿಲ್ಲ."

ನನ್ನ ಕೈಲೆನೂ ಆಗಲಿಲ್ಲ. ನಾಲ್ಕ ದಿನಾ ಆಡಾಡಿ ನುಂಗಿದೆ. ಐದನೇ ದಿನಾ ಮುಂಜಾನಿ ಅವರ ಹಿಂದ ಶೆಡ್ಡಿಗೆ ಹೋದೆ. ಚಾವಿ ಕೈಯಾಗ ಹಿಡಕೊಂಡಿದ್ರು. ಅತ್ತಿಯವರ ತಲಿಭಾರದ ಮಾತಷ್ಟ ಹೇಳಿದೆ, ಗಾಡಿ ಮಾತ ಎತ್ತಲಿಲ್ಲ. ಭಾಳ ಹೊತ್ತ ಸ್ಟೇರಿಂಗ್ ಮ್ಯಾಲ ಕೈ ಇಟ್ಟ ಕುಂತಿದ್ರು. ಆಮ್ಯಾಲ, "ಹೊರಗ ತಗದ ಚಾಲೂ ಮಾಡಬೇಕಂದ್ರ ನನಗ ಗೇಟ ಕಾಣೂದಿಲ್ಲ ಯವ್ವಾ" ಅಂದ್ರು.

"ನಾ ತಗೀತೀನಿ ಮಾವಾ, ನೀವ ಬಾಜೂಕ ಕುಂದರ್ರಿ" ಅಂದೆ. ನನಗ ಲೈಸೆನ್ಸ್ ಐತಿ, ಆದ್ರ ಈ ಗಾಡಿಗೆ ಗೇರು ಸ್ಟೇರಿಂಗಿನ ಕೆಳಗ. ಮೊದಲನೇ ದಿನಾ ಗೇಟ ದಾಟೂದ್ರಾಗ ಐದ ಸಲಾ ಬಂದ್ ಬಿತ್ತು. ಬಾಜೂಮನಿ ಅಕ್ಕಾರು ಕಟ್ಟಿ ಮ್ಯಾಲ ನಿಂತು ನಗಾಕತ್ತಿದ್ದು ನನಗ ಕನ್ನಡ್ಯಾಗ ಕಾಣತಿತ್ತು, ಇಲ್ಲಾ ಅನಬ್ಯಾಡ್ರಿ. ಮಾವಾರು ನಗಲಿಲ್ಲ. ಕಣ್ಣ ಮುಚ್ಚಿ ಇಂಜಿನ್ನಿನ ಆವಾಜ ಕೇಳಿ, "ಈಗ ಎರಡನೇದು ಹಾಕು... ಈಗ ಚೋಕ್ ದೂಡು" ಅಂತ ಹೇಳತಿದ್ರು. ಹತ್ತರಗಿ ಟೋಲ್ ಇನ್ನೂ ಇರಲಿಕ್ಕಿ ಹೊಳ್ಳಿಸ್ಕೊಂಡ ಬಂದ್ವಿ. ಮನಿಗೆ ಬಂದು ಸೈಲೆನ್ಸರಿನ ಬಾಯಿ ನೋಡಿದ್ರ ಒಣಾ, ಒಳಗೆಲ್ಲಾ ಬೂದಿ ಬಣ್ಣಾ. ಹೊಗಿ ತಪಾಸಣ್ಯಾಗ ಮುಂದಿನ ವಾರ ಪಾಸಾತು.

50 ವರ್ಷ ದಾಟಿದ ಗಾಡಿಗೋಳನ್ನ ವಿಂಟೇಜ್ ಅಂತ ಬ್ಯಾರೆನ ನೋಂದಣಿ ಮಾಡಸಾಕ 2021ರಾಗ ನಿಯಮ ಬಂದಾವ, ನಂಬರಿನ್ಯಾಗ ವಿ.ಎ. ಅಂತ ಅಕ್ಷರ ಬರ್ತಾವ. ಹಂಗ ಮಾಡಿಸಿದ್ರ ದಿನಬಳಕಿಗೆ ಓಡಸಾಕ ಬರೂದಿಲ್ಲ, ಅದಕ್ಕ ನಾವು ಇನ್ನೂ ಮಾಡಸಿಲ್ಲ. ಧರ್ಮಸ್ಥಳಕ್ಕ ಹೋದಾಗ ಅಲ್ಲಿ ಮ್ಯೂಸಿಯಮ್ಮಿನ್ಯಾಗ ಸಾಲಾಗಿ ನಿಂತ ಹಳೇ ಗಾಡಿ ನೀವೂ ನೋಡೀರಿ. ಅವನ್ನ ತೋರಿಸಿ "ನಿಮ್ಮದೂ ಹಿಂಗ ಇಡಬೇಕ ನೋಡ್ರಿ" ಅಂತ ನಮ್ಮ ನೆಗೆಣ್ಣಿ ಅಂದಾಗ ಮಾವಾರು, "ನಮ್ಮದು ಓಡತೈತಿ" ಅಂದ್ರು.

ಗ್ವಾಡಿಗೆ ಮತ್ತ ಸುಣ್ಣಾ ಹೊಡಸೇವಿ. ಧೋತರದ ಆ ಅಂಚ ಕತ್ತರಿಸಿ ಗಾಡಿ ವರಸೂ ಅರಬಿ ಮಾಡೇವಿ. ಈ ರವಿವಾರ ಹಿಡಕಲ್ ಡ್ಯಾಮಿನ ತನಕ ಹೋಗೂದು ಅಂತ ಮಾಡೇವಿ, ಬುತ್ತಿ ಕಟ್ಟತೀನಿ. ಹಿಂದ ಮೂರ ಮಂದಿಗೆ ಜಾಗಾ ಐತಿ. ಬರಾವರು ಶನಿವಾರ ಸಂಜಿಕೆ ಹೇಳ್ರಿ, ಬಾಗಿಲಾ ಹಾಕೂ ಮುಂದ ಸೆರಗ ಒಳಗ ತಗೋರಿ.